ಟಿಪ್ಪಣಿ: ದುಬಾರಿ ವಿದ್ಯುತ್ ವಾಹನ ಅಗ್ಗವಾಗುವ ಬಗೆ

ಭಾರತದ ಮೊದಲ ವಿದ್ಯುತ್ ಕಾರುಗಳಲ್ಲಿ ಹೆಸರಾದ ರೇವಾ ಬೆಂಗಳೂರಿನದು. ಚೇತನ್ ಮೈನಿ ರೂಪಿಸಿದ ಈ ಕಾರು 2001ರಲ್ಲಿ ಮಾರುಕಟ್ಟೆಗೆ ಬಂತು. ಲಂಡನ್ನಿನಲ್ಲಿ ಇದರ ಹೆಸರು ಜಿ-ವಿಜ್. 2010ರಲ್ಲಿ ಮಹೀಂದ್ರಾ ಕಂಪನಿ ರೇವಾವನ್ನು ಕೊಂಡಿತು. ಸೀಸ-ಆಮ್ಲ ಬ್ಯಾಟರಿಯ ರೇವಾ ಒಂದು ಚಾರ್ಜಿಗೆ ಸುಮಾರು 80 ಕಿ.ಮೀ. ಓಡುತ್ತಿತ್ತು. ಹಾಸನದಿಂದ ಹೊಳೆನರಸೀಪುರಕ್ಕೋ ಅರಕಲಗೂಡಿಗೋ ಹೋಗಿಬರಬಹುದಿತ್ತು. ಚನ್ನರಾಯಪಟ್ಟಣಕ್ಕಾದರೆ ಎದೆ ಡವಡವ!

ರೇವಾ ಅಗ್ಗದ ಕ್ರಾಂತಿ ತರಲಿಲ್ಲ. ಬೆಲೆ ಇಳಿಸಿದ್ದು ಲಿಥಿಯಂ-ಅಯಾನ್ ಬ್ಯಾಟರಿ. 1991ರಲ್ಲಿ ಸೋನಿ ಅದನ್ನು ಮಾರುಕಟ್ಟೆಗೆ ತಂದಿತು. ಲ್ಯಾಪ್‌ಟಾಪ್, ಮೊಬೈಲ್ ಕೊಂಡವರೇ ಅದರ ಮೊದಲ ಪೋಷಕರು. ಆಮೇಲೆ ಟೆಸ್ಲಾ: 2008ರ ರೋಡ್‌ಸ್ಟರ್ ಸುಮಾರು ಒಂದು ಲಕ್ಷ ಡಾಲರ್, ಅದರ ಗಳಿಕೆ-ಅನುಭವದ ಮೇಲೆ 2017ರಲ್ಲಿ ಅದಕ್ಕಿಂತ ಅಗ್ಗದ ಮಾಡೆಲ್ 3. 2010ರಲ್ಲಿ ಕಿಲೋವ್ಯಾಟ್-ಗಂಟೆಗೆ ಸಾವಿರ ಡಾಲರ್ ಮೀರಿದ್ದ ಬ್ಯಾಟರಿ ಬೆಲೆ 2024ಕ್ಕೆ ಸುಮಾರು 115 ಡಾಲರ್. ಇದರ ಹಿಂದಿನ ಸೂತ್ರ: ಈವರೆಗಿನ ಒಟ್ಟು ಉತ್ಪಾದನೆ ದುಪ್ಪಟ್ಟಾದಂತೆಲ್ಲ ವೆಚ್ಚ ನಿಗದಿತ ಪ್ರಮಾಣದಲ್ಲಿ ಇಳಿಯುತ್ತದೆ ಎಂಬುದು ರೈಟ್ ನಿಯಮ (1936).

ಆದರೆ ಶ್ರೀಮಂತರ ಖರೀದಿಯೊಂದೇ ಸಾಲದು, ಸರ್ಕಾರದ ಕೈಯೂ ಬೇಕು. ವಿದ್ಯುತ್ ವಾಹನ ನೀತಿ ತಂದ ಮೊದಲ ರಾಜ್ಯ ಕರ್ನಾಟಕ (2017). ವಿದ್ಯುತ್ ವಾಹನಗಳ ಜಿಎಸ್‌ಟಿ 2019ರ ಆಗಸ್ಟ್ 1ರಿಂದ ಶೇ. 12ರಿಂದ 5ಕ್ಕೆ ಇಳಿಯಿತು.