ವಿದ್ಯಾಲಯದ ಪಾಠವೂ ಊರಿನ ಸಹಭಾಗಿತ್ವವೂ

ವಿದ್ಯೆಯು ಕಲಿತವನ ಜೀವನೋಪಾಯಕ್ಕೆ ಮಾತ್ರವಲ್ಲದೆ ಸಮಾಜದ ಹಿತಕ್ಕೂ ಒದಗಬೇಕೆಂಬುದು ನಮ್ಮ ಮಠಗಳ ವಿದ್ಯಾಪ್ರಸಾರ ಕಾರ್ಯದ ಮೂಲಭಾವನೆ. ಈ ಭಾವನೆಯನ್ನು ಉನ್ನತ ಶಿಕ್ಷಣದ ಪಠ್ಯಕ್ರಮದೊಳಕ್ಕೇ ತರುವ ಯತ್ನವು ಈಚೆಗೆ ನಡೆದಿದೆ. ಅದರ ಸ್ವರೂಪವೇನು, ಅದು ಸಾರ್ಥಕವಾಗಲು ಬೇಕಾದುದೇನು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸಲಾಗಿದೆ.

ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು, ಡಾ. ವಿ. ಕೆ. ಆರ್. ವಿ. ರಾವ್ ಅವರು ಕೇಂದ್ರ ಶಿಕ್ಷಣ ಸಚಿವರಾಗಿದ್ದಾಗ, 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ವಿದ್ಯಾರ್ಥಿಗಳು ಹಳ್ಳಿಗಳಲ್ಲಿ ಶಿಬಿರ ಹೂಡಿ ಶ್ರಮದಾನ ಮಾಡಿದರು. ಆದರೆ ಆ ಸೇವೆಯು ಬಹುಮಟ್ಟಿಗೆ ಪಾಠಗಳ ಹೊರಗೇ ಉಳಿಯಿತು. ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ಎರಡನ್ನೂ ಜೋಡಿಸಲು ಯತ್ನಿಸಿದೆ. ಸಮುದಾಯ ಸಹಭಾಗಿತ್ವಕ್ಕೆಂದು ಅದು ಸೂಚಿಸಿರುವ ಎರಡು ಕ್ರೆಡಿಟ್‌ಗಳ ಪಾಠದಲ್ಲಿ ಒಂದು ತರಗತಿಯ ಅಧ್ಯಯನಕ್ಕೆ, ಇನ್ನೊಂದು ಕ್ಷೇತ್ರಕಾರ್ಯಕ್ಕೆ ಮೀಸಲಾಗಿದೆ.

ವ್ಯವಸ್ಥೆಯೇನೋ ಉಚಿತವಾದುದೇ. ಆದರೆ ಅಂಕಗಳೇ ಗುರಿಯಾದಲ್ಲಿ ಊರು ಕೇವಲ ಪ್ರಯೋಗಶಾಲೆಯಾಗುವ ಅಪಾಯವುಂಟು. ಪ್ರತಿವರ್ಷವೂ ಹೊಸ ತಂಡವೊಂದು ಬಂದು ಹಳೆಯ ಪ್ರಶ್ನೆಗಳನ್ನೇ ಕೇಳಿ ವರದಿ ಬರೆದೊಪ್ಪಿಸಿದರೆ ಊರಿನವರಿಗೆ ಬಂದ ಫಲವೇನು? ಈ ವಿಷಯದಲ್ಲಿ ನಮ್ಮ ನಾಡಿನ ಅನುಭವವೊಂದು ದಾರಿ ತೋರುವಂತಿದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ಕೆ. ಎನ್. ರೆಡ್ಡಿಯವರು 1974ರಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವನ್ನು ಕಟ್ಟಿದರು. ಅದು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಹಳ್ಳಿಗಳನ್ನು ಕಾರ್ಯಕ್ಷೇತ್ರವಾಗಿ ಆರಿಸಿಕೊಂಡಿತು. ಅವುಗಳಲ್ಲೊಂದಾದ ಪುರ ಗ್ರಾಮದಲ್ಲಿ ಸಮುದಾಯದ ಗೋಬರ್ ಗ್ಯಾಸ್ ಸ್ಥಾವರವನ್ನು ಸ್ಥಾಪಿಸಿ, ಮನೆಮನೆಗೂ ಅಡುಗೆಯ ಅನಿಲ ಒದಗಿಸಬೇಕೆಂಬುದು ಮೊದಲ ಉದ್ದೇಶವಾಗಿತ್ತು. ಅದು ಕೈಗೂಡಲಿಲ್ಲ. ದೊರೆಯುತ್ತಿದ್ದ ಸಗಣಿಯಿಂದ ಎಲ್ಲ ಮನೆಗಳ ಅಡುಗೆಗೆ ಸಾಲುವಷ್ಟು ಅನಿಲ ಹುಟ್ಟಲಿಲ್ಲ. ಜನರಿಗೆ ಪುಳ್ಳೆ ಸೌದೆಯು ಹಣ ತೆರದೆ ಸಿಗುತ್ತಿತ್ತು. ಅವರಿಗೆ ಮೊದಲು ಬೇಕಾಗಿದ್ದುದು ಕುಡಿಯುವ ನೀರು.

ವಿಜ್ಞಾನಿಗಳು ಈ ಮಾತಿಗೆ ಕಿವಿಗೊಟ್ಟರು. 1987ರಿಂದ ಅದೇ ಅನಿಲದ ನೆರವಿನಿಂದ ಎಂಜಿನ್ ನಡೆಸಿ, ವಿದ್ಯುತ್ತನ್ನು ಉತ್ಪಾದಿಸಿ, ಕೊಳವೆ ಬಾವಿಯ ನೀರನ್ನೆತ್ತಿ ನಲ್ಲಿಗಳಿಗೆ ಹರಿಸಲಾಯಿತು. ಮನೆಗಳಿಗೆ ದೀಪಗಳೂ ಬಂದವು. ಸಗಣಿ ತಂದೊಪ್ಪಿಸಿದವರಿಗೆ ಕಿಲೋಗೆ 2 ಪೈಸೆ ಸಲ್ಲುತ್ತಿತ್ತು. ಬಗ್ಗಡವು ಗೊಬ್ಬರವಾಗಿ ಅವರಿಗೇ ಮರಳುತ್ತಿತ್ತು. ಕೆಲವು ವರ್ಷ ನಡೆದು ಆ ವ್ಯವಸ್ಥೆ ಮುಂದೆ ನಿಂತುಹೋಯಿತೆಂಬುದನ್ನೂ ಮರೆಯಲಾಗದು.

ಇದು ಪದವಿ ತರಗತಿಯ ಪಾಠವಾಗಿರಲಿಲ್ಲ, ಸಂಶೋಧನೆಯಾಗಿತ್ತು. ಆದರೂ ಇದರಿಂದ ತಿಳಿಯತಕ್ಕ ಅಂಶಗಳು ಮೂರು:

1. ಸಮಸ್ಯೆ ಯಾವುದೆಂದು ನಿರ್ಣಯಿಸುವ ಹಕ್ಕು ಊರಿನವರದು. ಅವರ ಮಾತು ಕೇಳಿದ ಮೇಲೆ ನಮ್ಮ ಯೋಜನೆಯನ್ನು ತಿದ್ದಿಕೊಳ್ಳುವ ವಿನಯ ನಮಗಿರಬೇಕು.

2. ಸೋಲೂ ಪಾಠವೇ. ಅದನ್ನು ಮರೆಮಾಚದೆ ಕಾರಣಗಳನ್ನು ಬರೆದಿಡುವುದೇ ನಿಜವಾದ ಅಧ್ಯಯನ.

3. ವಿದ್ಯಾರ್ಥಿಗಳು ಬದಲಾಗುತ್ತಾರೆ, ಸಂಸ್ಥೆಯು ಊರಿನೊಡನೆ ಬೆಳೆಸಿದ ಸಂಬಂಧ ಮಾತ್ರ ಕಡಿಯಬಾರದು.

ಶರಣರ ದಾಸೋಹತತ್ತ್ವದ ತಿರುಳೂ ಇದೇ ಅಲ್ಲವೆ? ಕೊಡುವವನು ತಾನೆಂಬ ಅಹಂಭಾವವಳಿದಲ್ಲಿಯೇ ದಾನವು ದಾಸೋಹವೆನಿಸುತ್ತದೆ. ಊರಿಗೆ ಕಲಿಸಲು ಹೋದ ವಿದ್ಯಾರ್ಥಿಯು ತಾನೇ ಕಲಿತು ಮರಳಿದಾಗ ಅವನ ಕ್ಷೇತ್ರಕಾರ್ಯವು ಕಾಯಕವಾಗುತ್ತದೆ.

ಪ್ರೌಢಶಾಲೆಯ ಮಟ್ಟದಲ್ಲಿಯೂ ಇದು ಅಸಾಧ್ಯವಲ್ಲ. ಬಾವಿಗಳ ನೀರಿನ ಮಟ್ಟವನ್ನು ಮಕ್ಕಳಿಂದ ತಿಂಗಳಿಗೊಮ್ಮೆ ಅಳೆಯಿಸಿ, ಆ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಿಸಬಹುದು. ಗಣಿತವೂ ಭೂಗೋಳವೂ ಅಲ್ಲಿಯೇ ಕಲಿತಂತಾಗುತ್ತದೆ. ಆ ಊರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಶಾಲೆಗೂ ಊರಿಗೂ ಸೇತುವೆಯಾಗಲಿ. ದಾನಿಗಳು ಒಂದು ದಿನದ ಸಮಾರಂಭಕ್ಕಿಂತ ಒಂದೇ ಊರಿನಲ್ಲಿ ಹಲವು ವರ್ಷ ನಡೆಯುವ ಕಾರ್ಯಕ್ಕೆ ನೆರವಾಗಲಿ. ಉಪಾಧ್ಯಾಯ ಬಂಧುಗಳು ಬರುವ ವರ್ಷದ ಪಾಠಯೋಜನೆಯನ್ನು ರಚಿಸುವ ಮುನ್ನ ಒಮ್ಮೆ ಊರಿನ ಹಿರಿಯರನ್ನೂ ತಾಯಂದಿರನ್ನೂ ಕೇಳಿಬರಲೆಂದು ವಿನಂತಿಸುತ್ತೇನೆ.