ಆಸೆ ದೊಡ್ಡದೋ, ಆಕಾಶ ದೊಡ್ಡದೋ?

ನಮ್ಮ ಭಾನುವಾರದ ಅಧ್ಯಯನ ಕೂಟಕ್ಕೆ ತಪ್ಪದೆ ಬರುತ್ತಿದ್ದ ಅಕ್ಕ ಒಬ್ಬರು ಎರಡು ತಿಂಗಳಿಂದ ಬಂದಿರಲಿಲ್ಲ. ಐದು ವರ್ಷದ ಹಿಂದೆ ಅವರಿಗೆ ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರ್ ಬಂದು, ಚಿಕಿತ್ಸೆಯಾಗಿ, ನಾವೆಲ್ಲ ನಿರಾಳವಾಗಿದ್ದೆವು. ಈಗ ಅದು ಮರಳಿ ಬಂದಿದೆ. ಫೋನ್ ಮಾಡಿದಾಗ ಅವರು ಹೇಳಿದ್ದಿಷ್ಟು: "ದೇವಸ್ಥಾನಕ್ಕೆ ಬಂದರೆ ಒಬ್ಬರು 'ಏನೂ ಆಗಲ್ಲ ಬಿಡಿ' ಅಂತಾರೆ, ಇನ್ನೊಬ್ಬರು 'ಪಾಸಿಟಿವ್ ಆಗಿರಿ' ಅಂತಾರೆ, ಮತ್ತೊಬ್ಬರು ಕರ್ಮದ ಮಾತು ತೆಗೀತಾರೆ. ಅವರಿಗೆಲ್ಲ ನಾನೇ ಸಮಾಧಾನ ಹೇಳಿ ಕಳಿಸೋ ಹೊತ್ತಿಗೆ ಸುಸ್ತಾಗುತ್ತೆ ಕಣಪ್ಪ. ಆಸೆ ಇಟ್ಕೋಬೇಕೋ ಬಿಡಬೇಕೋ, ನಮ್ಮ ಪುಸ್ತಕದಲ್ಲಿ ಏನಿದೆ ನೋಡಿ ಹೇಳು." ಹೆಸರು ಹಾಕದೆ ಬರೆಯಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ.

ಹುಡುಕಿದಾಗ ಸಿಕ್ಕಿದ್ದು ಮಹಾಭಾರತದ ಶಾಂತಿಪರ್ವದಲ್ಲಿ, ರಾಜಧರ್ಮದ ಭಾಗ ಮುಗಿಯುವ ಮುನ್ನ ಬರುವ ಋಷಭಗೀತೆ. (ನಮ್ಮ ಗದುಗಿನ ಭಾರತದಲ್ಲಿ ಹುಡುಕಬೇಡಿ. ಕುಮಾರವ್ಯಾಸ ಗದಾಪರ್ವಕ್ಕೇ ನಿಲ್ಲಿಸಿದ್ದಾನೆ. ಮುಂದಿನ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದ.) ಯುದ್ಧವೆಲ್ಲ ಮುಗಿದ ಮೇಲೆ ಧರ್ಮರಾಯ ಶರಶಯ್ಯೆಯ ಮೇಲಿದ್ದ ಭೀಷ್ಮನನ್ನು ಕೇಳುತ್ತಾನೆ: ದುರ್ಯೋಧನ ಕೊನೆಗಾದರೂ ಸರಿಯಾದಾನು ಎಂದು ಆಸೆ ಇಟ್ಟಿದ್ದೆ, ಅದು ಮುರಿಯಿತು, ಈ ಆಸೆ ಎಂಬುದು ಏನು? ಗೆದ್ದವನು ಕೇಳುವ ಪ್ರಶ್ನೆ ಇದು ಎಂಬುದನ್ನು ಗಮನಿಸಿ.

ಭೀಷ್ಮ ಕಥೆ ಹೇಳುತ್ತಾನೆ. ಸುಮಿತ್ರನೆಂಬ ಹೈಹಯ ರಾಜ ಜಿಂಕೆಗೆ ಬಾಣ ಬಿಟ್ಟ. ಅದು ಬಾಣ ಸಮೇತ ಓಡಿತು. ಈಗ ಸಿಕ್ಕೀತು, ಆಗ ಸಿಕ್ಕೀತು ಎಂದು ಬೆನ್ನಟ್ಟಿ, ದಣಿದು, ಋಷಿಗಳ ಆಶ್ರಮ ಸೇರಿ ಕೇಳಿದ: ಮನುಷ್ಯನ ಆಸೆ ಮತ್ತು ಆಕಾಶ, ಇವೆರಡರಲ್ಲಿ ಯಾವುದು ದೊಡ್ಡದು? ಅಲ್ಲಿದ್ದ ಋಷಭ ಋಷಿ ಉತ್ತರವಾಗಿ ಇನ್ನೊಂದು ಕಥೆ ಹೇಳಿದ. ಬದರಿಯಲ್ಲಿ ತನು ಎಂಬ ಋಷಿ ಇದ್ದ. ಹೆಸರಿಗೆ ತಕ್ಕಂತೆ ಕಿರುಬೆರಳಿನಷ್ಟು ಸಣ್ಣಗೆ ಬಡಕಲಾಗಿದ್ದ. ಕಾಡಿನಲ್ಲಿ ಕಳೆದುಹೋದ ಮಗನನ್ನು ಹುಡುಕುತ್ತಾ ವೀರದ್ಯುಮ್ನ ರಾಜ ಅಲ್ಲಿಗೆ ಬಂದು, ನಿನಗಿಂತ ಸಣ್ಣದು ಲೋಕದಲ್ಲಿ ಇದೆಯೇ ಎಂದು ಕೇಳಿದ. ಇದೆ, ಆಸೆ ಇನ್ನೂ ಸಣ್ಣದು ಎಂದ ತನು. ಒಬ್ಬನೇ ಮಗನನ್ನು ಕಳೆದುಕೊಂಡು ಸುದ್ದಿಗಾಗಿ ಕಾಯುವ ತಂದೆಯ ಆಸೆ ಅಂಥದ್ದು.

ಕೊನೆಯಲ್ಲಿ ಒಂದು ವಿಚಿತ್ರವಿದೆ. ವೀರದ್ಯುಮ್ನನಿಗೆ ಮಗ ಸಿಗುತ್ತಾನೆ. ಇದನ್ನು ಕೇಳಿದ ಸುಮಿತ್ರ ಜಿಂಕೆಯ ಆಸೆಯನ್ನು ಬಿಡುತ್ತಾನೆ. ಒಂದೇ ಕಥೆಯಲ್ಲಿ ಒಬ್ಬನ ಆಸೆ ಫಲಿಸಿತು, ಇನ್ನೊಬ್ಬನಿಗೆ ಬಿಟ್ಟಾಗಲೇ ಬಿಡುಗಡೆ! ಆಸೆ ಬಿಡುವುದೇ ವೈರಾಗ್ಯ ಎಂದಷ್ಟೇ ಇದನ್ನು ಓದುವುದು ನನಗೆ ಒಪ್ಪಿಗೆಯಾಗಲಿಲ್ಲ. ಹಾಗಿದ್ದರೆ ಋಷಿ ಆ ತಂದೆಗೂ ಮನೆಗೆ ಹೋಗು ಎನ್ನಬಹುದಿತ್ತಲ್ಲ? ನಾವು ಯಾವುದನ್ನು ಬೆನ್ನಟ್ಟುತ್ತಿದ್ದೇವೆ, ಯಾವುದಕ್ಕಾಗಿ ಕಾಯುತ್ತಿದ್ದೇವೆ ಎಂದು ಬಿಡಿಸಿ ನೋಡಲು ಈ ಕಥೆ ಹೇಳುತ್ತಿದೆ ಎಂದು ನನಗನಿಸುತ್ತದೆ.

ಇನ್ನು ವೈದ್ಯಕೀಯದ ಮಾತು. ಪರೀಕ್ಷೆಗೆ ಸಿಗದಷ್ಟು ಕಡಿಮೆ ಕ್ಯಾನ್ಸರ್ ಕಣಗಳು ಚಿಕಿತ್ಸೆಯ ನಂತರವೂ ಉಳಿದಿರಬಹುದು. ಕೆಲವು ಬಗೆಗಳಲ್ಲಿ ಅವು ವರ್ಷಗಟ್ಟಲೆ ಸುಮ್ಮನಿದ್ದು ಮತ್ತೆ ಬೆಳೆಯುತ್ತವೆ. ಮೈಲೋಮಾ ಅಂತೂ ಮರಳುವುದೇ ಹೆಚ್ಚು. ರೋಗಿ ತಪ್ಪು ಮಾಡಿದ್ದರಿಂದಲೋ, ಪೂಜೆ ತಪ್ಪಿಸಿದ್ದರಿಂದಲೋ ಅಲ್ಲ. ಕರ್ಮದ ಮಾತು ಆಡುವವರು ನೆನಪಿಡಿ: ರಮಣ ಮಹರ್ಷಿಗಳ ಎಡತೋಳಿನ ಗೆಡ್ಡೆಗೆ 1949ರ ಒಂದೇ ವರ್ಷದಲ್ಲಿ ನಾಲ್ಕು ಬಾರಿ ಶಸ್ತ್ರಚಿಕಿತ್ಸೆಯಾಯಿತು, ತೆಗೆದಷ್ಟೂ ಮರಳಿತು. 1950ರ ಏಪ್ರಿಲ್ 14ರಂದು ಅವರು ದೇಹ ಬಿಟ್ಟರು.

'ಪಾಸಿಟಿವ್ ಆಗಿರಿ' ಎನ್ನುವುದೂ ಒಂದು ಹೊರೆಯೇ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಇದ್ದ 1,093 ರೋಗಿಗಳನ್ನು ಕುರಿತು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮನಸ್ಸು ಉಲ್ಲಾಸವಾಗಿದ್ದವರು ಹೆಚ್ಚು ಕಾಲ ಬದುಕಿದರು ಎಂದೇನೂ ಕಂಡುಬರಲಿಲ್ಲ. ಇದನ್ನು ಅಕ್ಕನಿಗೆ ಹೇಳಿದಾಗ ಅವರು ಬೇಸರಪಡುತ್ತಾರೇನೋ ಎಂದುಕೊಂಡಿದ್ದೆ. "ಹಾಗಾದ್ರೆ ನಾನು ಅತ್ತರೆ ಕಾಯಿಲೆ ಜಾಸ್ತಿ ಆಗಲ್ಲ, ಅಲ್ವಾ?" ಎಂದು ಕೇಳಿ, ಆಮೇಲೆ ಸ್ವಲ್ಪ ಹೊತ್ತು ಅತ್ತರು.

ಹಾಗೆಂದು ಆಸೆಗೆ ಜಾಗವಿಲ್ಲವೆಂದಲ್ಲ. ನಮ್ಮೂರಿನದೇ ಉದಾಹರಣೆ ನೋಡಿ. ಸಿಯಾಟಲ್‌ನಲ್ಲಿ ಡಾ. ಡಾನಲ್ ಥಾಮಸ್ ಮತ್ತು ಸಂಗಡಿಗರು, ಬೇರೆ ಚಿಕಿತ್ಸೆಗೆ ಬಗ್ಗದ ಲ್ಯುಕೇಮಿಯಾ ಇದ್ದ 100 ರೋಗಿಗಳಿಗೆ ಅಸ್ಥಿಮಜ್ಜೆಯ ಕಸಿ ಮಾಡಿ 1977ರಲ್ಲಿ ವರದಿ ಪ್ರಕಟಿಸಿದರು. ಒಂದರಿಂದ ನಾಲ್ಕೂವರೆ ವರ್ಷದ ಮೇಲೂ ರೋಗ ಮರಳದೆ ಬದುಕಿದ್ದವರು 13 ಮಂದಿ. ಸಣ್ಣ ಸಂಖ್ಯೆಯೇ. ಆದರೆ ಆ ದಾರಿ ಬಿಡದೆ ಹೋದದ್ದರಿಂದ 1990ರಲ್ಲಿ ಥಾಮಸ್ ಅವರಿಗೆ ನೊಬೆಲ್ ಬಂತು, ಫ್ರೆಡ್ ಹಚಿನ್‌ಸನ್ ಕೇಂದ್ರದ ಹೆಸರು ಲೋಕಕ್ಕೆಲ್ಲ ಗೊತ್ತಾಯಿತು. ರೋಗಿಯ ರಕ್ತದ ಟಿ ಕಣಗಳನ್ನೇ ತೆಗೆದು, ತಿದ್ದಿ, ವಾಪಸ್ ಕೊಡುವ ಕಾರ್-ಟಿ ಚಿಕಿತ್ಸೆಗೆ, ಮರಳಿ ಬಂದ ಮೈಲೋಮಾಗೆಂದು ಎಫ್‌ಡಿಎ 2021ರಲ್ಲಿ ಮೊದಲ ಒಪ್ಪಿಗೆ ಕೊಟ್ಟಿತು.

ಪ್ಯಾಲಿಯೇಟಿವ್ ಕೇರ್ ಎಂದ ಕೂಡಲೇ ನಮ್ಮವರು ಕೈಬಿಟ್ಟರೆಂದು ಹೆದರುತ್ತಾರೆ. ಬಾಸ್ಟನ್‌ನಲ್ಲಿ ಹರಡಿದ ಶ್ವಾಸಕೋಶದ ಕ್ಯಾನ್ಸರ್‌ನ 151 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚಿಕಿತ್ಸೆಯ ಜೊತೆಗೆ ಮೊದಲಿನಿಂದಲೇ ಈ ಆರೈಕೆ ಸಿಕ್ಕವರಿಗೆ ಖಿನ್ನತೆ ಕಡಿಮೆಯಿತ್ತು. ಮಧ್ಯಮ ಆಯಸ್ಸೂ 8.9 ತಿಂಗಳ ಬದಲು 11.6 ತಿಂಗಳಿತ್ತು. ನೋವು, ನಿದ್ದೆ, ಹೆದರಿಕೆಗಳಿಗೆ ಚಿಕಿತ್ಸೆ ಕೇಳಿ ಪಡೆಯಬೇಕು. ಊರಿಂದ ತರಿಸಿದ ಅಶ್ವಗಂಧವನ್ನೋ, ಅರಿಶಿನದ ಮಾತ್ರೆಯನ್ನೋ ಪ್ರೀತಿಯಿಂದ ಕೊಡುವವರು ಮೊದಲು ಅವರ ಡಾಕ್ಟರಿಗೆ ತಿಳಿಸಲಿ, ಔಷಧಿಯ ಜೊತೆ ಅವು ಹೊಂದದೇ ಇರಬಹುದು.

ಮೂರು ವಾರದ ಹಿಂದೆ ಅಕ್ಕನ ಮನೆಗೆ ಹೋಗಿ ಈ ಕಥೆ ಓದಿದೆವು. ತನು ಋಷಿಯ ವರ್ಣನೆ ಬಂದಾಗ "ನನ್ನ ಹಾಗೇ ಇದ್ದ ಅನ್ನು" ಎಂದು ನಕ್ಕರು. ಆಮೇಲೆ ತಮ್ಮ ಆಸೆಗಳನ್ನು ತಾವೇ ಎಣಿಸಿದರು. ಈ ವಾರದ ಬ್ಲಡ್ ಕೌಂಟ್ ಚೆನ್ನಾಗಿ ಬರಲಿ. ಜೂನ್‌ನಲ್ಲಿ ಮಗಳ ಗ್ರಾಜುಯೇಷನ್‌ಗೆ ಸೀರೆ ಉಟ್ಟು ಹೋಗುವಂತಾಗಲಿ. ತೀರ್ಥಹಳ್ಳಿಯಲ್ಲಿರುವ ಅಮ್ಮನಿಗೆ ಇನ್ನೂ ಹೇಳಿಲ್ಲ, ಹೇಳಲು ಧೈರ್ಯ ಬರಲಿ. "ಪೂರ್ತಿ ವಾಸಿಯಾಗ್ಲಿ ಅನ್ನೋದೂ ಇದೆ. ಅದನ್ನ ದಿನಾ ಎತ್ತಿ ನೋಡಲ್ಲ, ಬೀರುವಿನಲ್ಲಿಟ್ಟಿದ್ದೀನಿ" ಎಂದರು. ಹೊರಡುವಾಗ ನಮಗೆಲ್ಲ ಕಾಫಿ ಮಾಡಿಕೊಟ್ಟದ್ದೂ ಅವರೇ, ಬೇಡವೆಂದರೂ ಕೇಳಲಿಲ್ಲ.

ಮುಂದಿನ ಕೂಟವೂ ಅವರ ಮನೆಯಲ್ಲೇ, ಶಾಂತಿಪರ್ವ ಮುಂದುವರಿಯುತ್ತದೆ. ಅವರಿಗೆ ಸೋಂಕು ತಗುಲಬಾರದು, ಆದ್ದರಿಂದ ಹೂವು, ಕೋಸಂಬರಿ, ಹಸಿ ಹಣ್ಣಿನ ಪ್ರಸಾದ ತರಬೇಡಿ. ನೆಗಡಿ, ಕೆಮ್ಮು ಇದ್ದವರು ಫೋನಿನಲ್ಲೇ ಸೇರಿಕೊಳ್ಳಿ.