ಮೌಸ್ ಪಕ್ಕಕ್ಕಿಟ್ಟು ನಿಮ್ಮ ಪಾಠ ಮುಗಿಸಿ ನೋಡಿ

ಆನ್‌ಲೈನ್ ತರಬೇತಿ ಪಾಠ ಕಟ್ಟಲು ಈಗ ಪ್ರೋಗ್ರಾಮಿಂಗ್ ಬರಬೇಕೆಂದಿಲ್ಲ. ಕಂಪನಿಗಳಲ್ಲಿ ಆರ್ಟಿಕ್ಯುಲೇಟ್ ಸ್ಟೋರಿಲೈನ್, ಅಡೋಬ್ ಕ್ಯಾಪ್ಟಿವೇಟ್ ಬಳಸುತ್ತಾರೆ; ಕಾಸು ಖರ್ಚಿಲ್ಲದೆ ಆಗಬೇಕೆಂದರೆ ಮೂಡಲ್ ಜೊತೆ ಎಚ್‌5ಪಿ ಇದೆ. ಅಂಗವಿಕಲರಿಗೂ ಅನುಕೂಲವಾಗುವ ಸೌಲಭ್ಯಗಳು ಇವುಗಳಲ್ಲಿ ಇವೆ, ನಿಜ. ಆದರೆ ಸಾಫ್ಟ್‌ವೇರ್ ಕೊಡುವುದು ಖಾಲಿ ಜಾಗ ಮಾತ್ರ. ತುಂಬಬೇಕಾದವರು ಪಾಠ ಮಾಡುವವರೇ.

ಕನ್ನಡದ ಪಾಠವಾದರೆ ಮೊದಲು ಅಕ್ಷರ ಪರೀಕ್ಷಿಸಿ. ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಟೈಪಿಸಿದ ಕಡತ ಪರದೆಯ ಮೇಲೆ ಕನ್ನಡದಂತೆ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಒಳಗಿದ್ದುದನ್ನೇ ಓದುತ್ತದೆ. ಹಾಗಾಗಿ ಅವರ ಕಿವಿಗೆ ಬೀಳುವುದು ಅರ್ಥವಿಲ್ಲದ ಗೊಣಗಾಟ. ಕಚೇರಿಯ ಹಳೆ ಕೈಪಿಡಿಯಿಂದ ನಕಲು ಮಾಡುವ ಮುನ್ನ ಪರಿವರ್ತಕ ಬಳಸಿ ಯುನಿಕೋಡ್‌ಗೆ ತನ್ನಿ. ತಂದ ಮೇಲೆ ಅರ್ಕಾವತ್ತು, ಒತ್ತಕ್ಷರಗಳು ಸರಿಯಿವೆಯೇ ಎಂದು ಒಮ್ಮೆ ಓದಿ. ಪಠ್ಯವನ್ನು ಚಿತ್ರವಾಗಿ ಅಂಟಿಸುವುದಂತೂ ಬೇಡವೇ ಬೇಡ. ಪಾಠದ ಭಾಷೆ ‘ಕನ್ನಡ’ ಎಂದು ಸೆಟ್ಟಿಂಗ್ಸ್‌ನಲ್ಲಿ ನಮೂದಿಸಿ. ಇಲ್ಲವಾದರೆ ಸ್ಕ್ರೀನ್ ರೀಡರ್ ಇಂಗ್ಲಿಷ್ ದನಿಯಲ್ಲೇ ಕನ್ನಡ ಓದಲು ಹೊರಡಬಹುದು.

ಇನ್ನು ಚಿತ್ರಗಳು. ಹಾಲಿನ ಡೇರಿ ಸಿಬ್ಬಂದಿಗೆ ಪಾಠ ಮಾಡುತ್ತಿದ್ದೀರಿ ಎಂದುಕೊಳ್ಳಿ. ಚಿತ್ರದ ವಿವರಣೆಗೆ ಮೀಸಲಾದ ಆಲ್ಟ್ ಪಠ್ಯದಲ್ಲಿ ‘ಲ್ಯಾಕ್ಟೋಮೀಟರ್ ಚಿತ್ರ’ ಎಂದಷ್ಟೇ ಬರೆದರೆ ಯಾರಿಗೂ ಉಪಯೋಗವಿಲ್ಲ. ‘ಲ್ಯಾಕ್ಟೋಮೀಟರ್ 28ರ ಗೆರೆಯವರೆಗೆ ಹಾಲಿನಲ್ಲಿ ಮುಳುಗಿದೆ’ ಎಂದರೆ ನೋಡುವವರಿಗೆ ಸಿಕ್ಕಿದ್ದು ಕೇಳುವವರಿಗೂ ಸಿಗುತ್ತದೆ. ಬರೀ ಅಲಂಕಾರದ ಹೂಬಳ್ಳಿ, ಗೆರೆಗಳನ್ನು ಸ್ಕ್ರೀನ್ ರೀಡರ್‌ಗೆ ಕಾಣದಂತೆ ಮರೆಮಾಡಿ. ಸ್ಟೋರಿಲೈನ್‌ನಲ್ಲಿ ಒಂದು ಟಿಕ್ ತೆಗೆದರೆ ಸಾಕು. ಅಲ್ಲೇ ‘ಫೋಕಸ್ ಆರ್ಡರ್’, ಅಂದರೆ ಸ್ಕ್ರೀನ್ ರೀಡರ್ ಓದುವ ಕ್ರಮವನ್ನೂ ನೋಡಿ. ಉತ್ತರಗಳನ್ನು ಓದಿದ ಮೇಲೆ ಪ್ರಶ್ನೆ ಓದುವ ಪಾಠಗಳು ಹುಟ್ಟುವುದು ಈ ಕ್ರಮ ತಪ್ಪಿದಾಗಲೇ.

ಬಣ್ಣದ ವಿಷಯ ಸರಳ: ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ವ್ಯತ್ಯಾಸವಿರಲಿ, ದೊಡ್ಡ ಅಕ್ಷರದ ಶೀರ್ಷಿಕೆಗಳಿಗೆ 3:1 ಸಾಕು. ಲೆಕ್ಕ ಹಾಕಿಕೊಡುವ ಉಚಿತ ತಾಣಗಳಿವೆ. ‘ಹಸಿರು ಸರಿ, ಕೆಂಪು ತಪ್ಪು’ ಎಂದು ಬಣ್ಣವನ್ನೇ ನಂಬದೆ ಪದದಲ್ಲೂ ಹೇಳಿ.

ವಿಡಿಯೊ ಮಾಡುವಾಗ ಮಾತನ್ನು ಮೊದಲೇ ಬರೆದಿಟ್ಟುಕೊಳ್ಳಿ. ಅದೇ ಬರಹ ಕಿವಿ ಕೇಳದವರಿಗೆ ಕ್ಯಾಪ್ಶನ್ ಆಗುತ್ತದೆ; ತಂತಾನೇ ಹುಟ್ಟುವ ಕನ್ನಡ ಕ್ಯಾಪ್ಶನ್ನನ್ನು ತಿದ್ದದೆ ಹಾಕುವುದು ಅಪಾಯ. ‘ಇಲ್ನೋಡಿ, ಇದನ್ನ ಒತ್ತಿ’ ಎನ್ನುವುದು ನಮಗೆಲ್ಲ ರೂಢಿ. ‘ಕೆಳಗಿನ “ಸಲ್ಲಿಸಿ” ಗುಂಡಿ ಒತ್ತಿ’ ಎಂದರೆ ಪರದೆ ಕಾಣದವರಿಗೂ ತಿಳಿಯುತ್ತದೆ.

ಎಳೆದು ತಂದು ಜೋಡಿಸುವ ಆಟದ ಪ್ರಶ್ನೆಗಳನ್ನು ನಾನಾದರೆ ಕೈಬಿಡುತ್ತೇನೆ. ನೋಡಲು ಚೆಂದ, ಆದರೆ ಕೈ ನಡುಗುವವರಿಗೆ ಶಿಕ್ಷೆ. 2023ರ ಅಕ್ಟೋಬರ್‌ನಲ್ಲಿ ಬಂದ ಜಾಗತಿಕ ಮಾನದಂಡ ಡಬ್ಲ್ಯೂಸಿಎಜಿ 2.2 ಕೂಡ ಎಳೆಯದೆಯೇ ಉತ್ತರಿಸುವ ದಾರಿ ಇರಬೇಕೆನ್ನುತ್ತದೆ. ಬಹು ಆಯ್ಕೆಯ ಪ್ರಶ್ನೆಯಲ್ಲಿ ಅದೇ ಕಲಿಕೆಯನ್ನು ಅಳೆಯಬಹುದು.

ಇಷ್ಟೆಲ್ಲ ಯಾಕೆ ಎನ್ನುವ ಮೇಲಧಿಕಾರಿಗಳಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ತೋರಿಸಿ. ಡಿಜಿಟಲ್ ಸೇವೆ ಎಲ್ಲರ ಕೈಗೆಟುಕುವುದು ಸಂವಿಧಾನದ 21ನೇ ವಿಧಿಯ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಹೇಳಿದೆ.

ಕೊನೆಗೆ ಪರೀಕ್ಷೆ. ಪಾಠವನ್ನು ಮೂಡಲ್‌ನಂಥ ತಾಣಕ್ಕೆ ಏರಿಸಿದ ಮೇಲೆ ಮೌಸ್ ಪಕ್ಕಕ್ಕಿಟ್ಟು ಟ್ಯಾಬ್, ಎಂಟರ್, ಸ್ಪೇಸ್, ಬಾಣದ ಕೀಲಿಗಳಿಂದಲೇ ಮುಗಿಸಲು ಯತ್ನಿಸಿ. ಎಲ್ಲಿದ್ದೀರೆಂದು ತೋರಿಸುವ ಚೌಕಟ್ಟು ಕಾಣಬೇಕು, ಪಾಪ್‌ಅಪ್ ಒಳಗೆ ಸಿಕ್ಕಿಬೀಳಬಾರದು. ಆಮೇಲೆ ಉಚಿತ ಸ್ಕ್ರೀನ್ ರೀಡರ್ ಎನ್‌ವಿಡಿಎ ಹಾಕಿಕೊಂಡು, ಮಾನಿಟರ್ ಆರಿಸಿ ಕೇಳಿ. ಅದರ ಜೊತೆ ಬರುವ ಇಸ್ಪೀಕ್ ಎನ್‌ಜಿ ಎಂಬ ಧ್ವನಿ ತಂತ್ರಾಂಶ ಕನ್ನಡ ಓದುತ್ತದೆ. ದನಿ ಒರಟು, ಆದರೆ ಕೆಲಸಕ್ಕೆ ಸಾಕು. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಎಂಬ ಸ್ಕ್ರೀನ್ ರೀಡರ್‌ನಿಂದ ಇದನ್ನೇ ಮಾಡಿ. ಇಷ್ಟಾದರೂ ನಿತ್ಯ ಸ್ಕ್ರೀನ್ ರೀಡರ್ ಬಳಸುವ ಒಬ್ಬರಿಂದ ಪಾಠದ ಪರೀಕ್ಷೆ ಮಾಡಿಸಿ, ಅವರಿಗೆ ಸಂಭಾವನೆಯನ್ನೂ ಕೊಡಿ. ತೊಂದರೆಯಾದರೆ ಯಾರಿಗೆ ತಿಳಿಸಬೇಕೆಂದು ಪಾಠದ ಮೊದಲ ಪುಟದಲ್ಲೇ ಫೋನ್ ನಂಬರ್ ಸಹಿತ ಹಾಕಿರಿ.